ಶ್ವಾಸೋಚ್ಛ್ವಾಸವೆಂಬ ಪ್ರಾಣವೂ ಶ್ರಾವಕನ ಅಹಿಂಸೆಯೂ

ಜೈನ ಸಿದ್ಧಾಂತವು ಸಂಸಾರಿ ಜೀವದ ಪ್ರಾಣಗಳನ್ನು ಹತ್ತೆಂದು ಎಣಿಸುತ್ತದೆ. ಸ್ಪರ್ಶನ ಮೊದಲಾದ ಐದು ಇಂದ್ರಿಯಗಳು, ಮನೋಬಲ, ವಚನಬಲ, ಕಾಯಬಲಗಳೆಂಬ ಮೂರು ಬಲಗಳು, ಆಯು ಮತ್ತು ಶ್ವಾಸೋಚ್ಛ್ವಾಸ. ಎಲ್ಲ ಜೀವಗಳಿಗೂ ಈ ಹತ್ತು ಇರುವುದಿಲ್ಲ. ಒಂದೇ ಇಂದ್ರಿಯವುಳ್ಳ ಪೃಥ್ವೀಕಾಯ, ಜಲಕಾಯ, ವನಸ್ಪತಿಕಾಯಾದಿ ಜೀವಗಳಿಗೆ ಇರುವ ಪ್ರಾಣಗಳು ನಾಲ್ಕೇ. ಕಣ್ಣಿಲ್ಲ, ಕಿವಿಯಿಲ್ಲ, ನಾಲಗೆಯಿಲ್ಲ, ಮನಸ್ಸಿಲ್ಲ. ಆದರೂ ಆ ನಾಲ್ಕರಲ್ಲಿ ಶ್ವಾಸೋಚ್ಛ್ವಾಸ ಒಂದಾಗಿದೆ. ಬೇರೆಲ್ಲವನ್ನೂ ಕಳೆದ ಮೇಲೂ ಉಳಿಯುವ ಕೆಲವೇ ಪ್ರಾಣಗಳಲ್ಲಿ ಉಸಿರು ಸೇರಿದೆಯೆಂಬುದನ್ನು ಶಾಸ್ತ್ರಕಾರರು ಬಹಳ ಹಿಂದೆಯೇ ಗುರುತಿಸಿದ್ದರು.

ಇನ್ನೊಂದು ಕಡೆ ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ, ಪ್ರಮಾದದಿಂದ ಕೂಡಿದ ಯೋಗದ ಮೂಲಕ ಪ್ರಾಣಗಳನ್ನು ಬೇರ್ಪಡಿಸುವುದೇ ಹಿಂಸೆಯೆಂದರು. ಕೊಲ್ಲುವುದೊಂದೇ ಹಿಂಸೆಯೆಂದು ಅವರು ಹೇಳಲಿಲ್ಲ. ಹತ್ತು ಪ್ರಾಣಗಳಲ್ಲಿ ಯಾವುದಕ್ಕೆ ಘಾತ ತಂದರೂ, ಅದು ಪ್ರಮಾದದಿಂದ ಆದದ್ದಾದರೆ, ಹಿಂಸೆಯೇ. ಈ ಎರಡು ಮಾತುಗಳನ್ನು ಒಟ್ಟಿಗೆ ಇಟ್ಟು ನೋಡುವ ಅಭ್ಯಾಸ ಮಾತ್ರ ಸಮಾಜದಲ್ಲಿ ಕಡಿಮೆ. ಇರುವೆಯ ಮೇಲೆ ಕಾಲಿಟ್ಟವನು ಪಶ್ಚಾತ್ತಾಪ ಪಡುತ್ತಾನೆ, ಅದು ಸರಿಯಾದದ್ದೇ. ಪಕ್ಕದಲ್ಲಿ ಕುಳಿತ ಮುದುಕನ ಉಸಿರನ್ನು ತನ್ನ ಹೊಗೆಯಿಂದ ಅರ್ಧಕ್ಕಿಳಿಸಿದವನು ಯಾವ ಪ್ರತಿಕ್ರಮಣದಲ್ಲಿಯೂ ಅದನ್ನು ನೆನೆಯುವುದಿಲ್ಲ. ಅವನಿಗೆ ಅದು ಹಿಂಸೆಯೆಂದು ತೋರುವುದೇ ಇಲ್ಲ. ತೋರದಿರುವುದಕ್ಕೆ ಒಂದು ಕಾರಣವೆಂದರೆ, ಉಸಿರು ಹೋಗಿಬರುವ ದಾರಿ ಎಷ್ಟು ನವುರಾದದ್ದು ಎಂಬ ಅರಿವಿಲ್ಲದಿರುವುದು. ಆದ್ದರಿಂದ ಮೊದಲು ಆ ದಾರಿಯನ್ನು ನೋಡುವುದು ಉಚಿತ.

ಸ್ವಸ್ಥನಾದ ವಯಸ್ಕನು ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡುತ್ತಾನೆ. ಒಂದು ಸಹಜವಾದ ಉಸಿರಿನಲ್ಲಿ ಒಳಹೋಗುವ ಗಾಳಿ ಸುಮಾರು ಅರ್ಧ ಲೀಟರು. ದಿನವೊಂದಕ್ಕೆ ಲೆಕ್ಕ ಹಾಕಿದರೆ ಇಪ್ಪತ್ತು ಸಾವಿರದಷ್ಟು ಉಸಿರುಗಳು, ಹತ್ತು ಸಾವಿರ ಲೀಟರಿನಷ್ಟು ಗಾಳಿ. ಮನುಷ್ಯನು ದಿನಕ್ಕೆ ಉಣ್ಣುವ ಅನ್ನ, ಕುಡಿಯುವ ನೀರು ಇದರ ಮುಂದೆ ಏನೂ ಅಲ್ಲ. ನೀರನ್ನು ಸೋಸಿ ಕುಡಿಯುವ ಕುಲದಲ್ಲಿ ಹುಟ್ಟಿದವರಿಗೆ ಗಾಳಿಯನ್ನು ಸೋಸುವ ಕೆಲಸವನ್ನು ಶರೀರವೇ ಮಾಡಿಕೊಡುತ್ತದೆ. ಮೂಗಿನ ಹೊಳ್ಳೆಯ ಕೂದಲು ದೊಡ್ಡ ಧೂಳನ್ನು ತಡೆಯುತ್ತದೆ. ಒಳಗೆ ಸುರುಳಿಯಾಗಿ ಮಡಿಸಿದಂತಿರುವ ಎಲುಬುಗಳ ಮೇಲಿನ ತೇವವಾದ ಪೊರೆ ಗಾಳಿಯನ್ನು ಬೆಚ್ಚಗಾಗಿಸಿ ಹಸಿಯಾಗಿಸುತ್ತದೆ. ಬಾಯಿಯಿಂದ ಉಸಿರಾಡುವವನು ಈ ಸೇವೆಯನ್ನು ಕಳೆದುಕೊಳ್ಳುತ್ತಾನೆ. ಚಳಿಗಾಲದ ಬೆಳಗಿನಲ್ಲಿ ಓಡಿದ ಬಾಲಕನಿಗೆ ಕೆಮ್ಮು ಬರುವುದು ಇದರಿಂದಲೇ.

ಗಂಟಲಿನಲ್ಲಿ ಅನ್ನದ ದಾರಿಯೂ ಗಾಳಿಯ ದಾರಿಯೂ ಒಂದನ್ನೊಂದು ಹಾಯುತ್ತವೆ. ನುಂಗುವಾಗ ಮೃದ್ವಸ್ಥಿಯ ಒಂದು ಪಟ ಗಾಳಿದಾರಿಯ ಬಾಯನ್ನು ಮುಚ್ಚುತ್ತದೆ, ಆ ಕ್ಷಣ ಉಸಿರು ನಿಲ್ಲುತ್ತದೆ. ಊಟ ಮಾಡುವಾಗ ಮೌನವಿರಬೇಕೆಂಬ ಶ್ರಾವಕಾಚಾರದ ವಿಧಿಗೆ ಬೇರೆ ಕಾರಣಗಳಿವೆ, ಆದರೆ ಅದನ್ನು ಪಾಲಿಸುವವನಿಗೆ ತುತ್ತು ನೆತ್ತಿಗೇರುವುದು ಕಡಿಮೆಯೆಂಬುದೂ ನಿಜ. ಧ್ವನಿಪೆಟ್ಟಿಗೆಯ ಕೆಳಗೆ ಶ್ವಾಸನಾಳ ಆರಂಭವಾಗುತ್ತದೆ. ಇದರ ಉದ್ದ ಹತ್ತು ಹನ್ನೆರಡು ಸೆಂಟಿಮೀಟರು. ಕುದುರೆಲಾಳದಾಕಾರದ ಮೃದ್ವಸ್ಥಿಗಳು ಇದನ್ನು ಕುಸಿಯದಂತೆ ತೆರೆದಿಟ್ಟಿರುತ್ತವೆ. ಎದೆಯಲ್ಲಿ ಅದು ಎರಡಾಗಿ ಸೀಳಿ ಎಡಬಲದ ಶ್ವಾಸಕೋಶಗಳನ್ನು ಹೊಗುತ್ತದೆ. ಬಲಗಡೆಯ ಕವಲು ಹೆಚ್ಚು ಅಗಲ, ಹೆಚ್ಚು ನೇರ. ಮಕ್ಕಳು ಉಸಿರಿನೊಡನೆ ಎಳೆದುಕೊಂಡ ಕಡಲೆಬೀಜ ಸಾಮಾನ್ಯವಾಗಿ ಬಲಗಡೆಯಲ್ಲಿಯೇ ಸಿಕ್ಕಿಕೊಳ್ಳಲು ಇದೇ ಕಾರಣ.

ಅಲ್ಲಿಂದ ಮುಂದೆ ಮರದ ಕೊಂಬೆಗಳಂತೆ ಕವಲು ಕವಲಾಗಿ ಸುಮಾರು ಇಪ್ಪತ್ತಮೂರು ಮಜಲುಗಳು. ಮೊದಲ ಮಜಲುಗಳಿಗೆ ಮೃದ್ವಸ್ಥಿಯ ಆಧಾರವಿದೆ. ಮುಂದಿನ ಕಿರುನಾಳಗಳಿಗೆ ಅದಿಲ್ಲ; ಅವುಗಳ ಗೋಡೆಯಲ್ಲಿ ಸುತ್ತಿಕೊಂಡ ಸ್ನಾಯುವಿದೆ. ತುತ್ತತುದಿಯಲ್ಲಿ ದ್ರಾಕ್ಷಿಗೊಂಚಲಿನಂತೆ ವಾಯುಕೋಶಗಳು. ಇವುಗಳ ಸಂಖ್ಯೆ ಮೂವತ್ತು ಕೋಟಿಗೂ ಮಿಕ್ಕದ್ದು. ಎಲ್ಲವನ್ನೂ ಬಿಡಿಸಿ ಹರಡಿದರೆ ಎಪ್ಪತ್ತು ಚದರ ಮೀಟರಿನಷ್ಟಾದೀತು. ಒಂದು ಸಣ್ಣ ಬಸದಿಯ ನವರಂಗವನ್ನು ಮುಚ್ಚುವಷ್ಟು ವಿಸ್ತಾರ. ಗಾಳಿಗೂ ರಕ್ತಕ್ಕೂ ನಡುವೆ ಇರುವ ಪೊರೆಯ ದಪ್ಪ ಮಿಲಿಮೀಟರಿನ ಸಾವಿರದ ಒಂದಂಶಕ್ಕಿಂತಲೂ ಕಡಿಮೆ. ಈ ಪೊರೆಯ ಆಚೀಚೆ ಆಮ್ಲಜನಕ ಒಳಗೂ ಇಂಗಾಲದ ಡೈಆಕ್ಸೈಡು ಹೊರಗೂ ಸಾಗುತ್ತವೆ.

ನಾಳಗಳ ಒಳಮೈಯನ್ನು ತೆಳುವಾದ ಲೋಳೆ ಮುಚ್ಚಿರುತ್ತದೆ. ಅದರಡಿಯಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮ ರೋಮಗಳು ಸೆಕೆಂಡಿಗೆ ಹತ್ತು ಹನ್ನೆರಡು ಸಲ ಮೇಲ್ಮುಖವಾಗಿ ಬಾಚುತ್ತಿರುತ್ತವೆ. ಲೋಳೆಗೆ ಅಂಟಿದ ಧೂಳು, ಮಸಿ, ರೋಗಾಣು ಎಲ್ಲವನ್ನೂ ಮೆಲ್ಲಮೆಲ್ಲನೆ ಗಂಟಲಿನತ್ತ ತಳ್ಳುತ್ತವೆ. ಕೊಲ್ಲದೆ ಹೊರಗೆ ಸಾಗಿಸುವ ಈ ಏರ್ಪಾಡನ್ನು ಕಂಡಾಗ ನೆಲವನ್ನು ಮೃದುವಾಗಿ ಸವರುವ ಮಯೂರಪಿಂಛಿಯ ನೆನಪಾಗದಿರದು. ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸಬೇಕು. ದೇಹಕ್ಕೆ ದಯೆಯಿಲ್ಲ, ಇದೇ ದೇಹದ ರಕ್ತದಲ್ಲಿ ರೋಗಾಣುಗಳನ್ನು ನುಂಗಿ ಜೀರ್ಣಿಸುವ ಕಣಗಳೂ ಇವೆ. ಆದರೆ ಒಂದು ಮಾತು ಮುಖ್ಯ: ತಂಬಾಕಿನ ಹೊಗೆ ಈ ರೋಮಗಳನ್ನು ಮೊದಲು ಜಡಗೊಳಿಸುತ್ತದೆ, ಕ್ರಮೇಣ ನಾಶಪಡಿಸುತ್ತದೆ. ಬೀಡಿ ಸಿಗರೇಟು ಸೇದುವವರ ಬೆಳಗಿನ ಕೆಮ್ಮೆಂದರೆ ಗುಡಿಸುವವರು ಸತ್ತ ಮನೆಯಲ್ಲಿ ಕಸವನ್ನು ಒದ್ದು ಹೊರಹಾಕುವ ಪ್ರಯತ್ನ.

ರೋಗಗಳ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು. ನೆಗಡಿ ಮೂಗು ಗಂಟಲುಗಳ ಬೇನೆ. ನೂರಕ್ಕೂ ಮಿಕ್ಕ ಬಗೆಯ ವೈರಾಣುಗಳಿಂದ ಬರುತ್ತದೆ, ತಾನಾಗಿ ಹೋಗುತ್ತದೆ. ಇದಕ್ಕೆ ಆ್ಯಂಟಿಬಯೊಟಿಕ್ ನುಂಗುವುದು ವ್ಯರ್ಥ ಮಾತ್ರವಲ್ಲ, ಅನರ್ಥದಂಡವೂ ಹೌದು. ಪ್ರಯೋಜನವಿಲ್ಲದ ಹಿಂಸೆಯನ್ನು ಬಿಡಬೇಕೆಂಬ ಗುಣವ್ರತಕ್ಕೆ ಇದಕ್ಕಿಂತ ಸಮೀಪದ ಉದಾಹರಣೆ ಸಿಗಲಾರದು: ಕರುಳಿನಲ್ಲಿ ನಿರುಪದ್ರವಿಯಾಗಿರುವ ಕೋಟ್ಯಂತರ ಸೂಕ್ಷ್ಮಜೀವಿಗಳು ನಾಶವಾಗುತ್ತವೆ, ನೆಗಡಿಯ ವೈರಾಣು ಹಾಗೆಯೇ ಇರುತ್ತದೆ. ನ್ಯುಮೋನಿಯಾದಲ್ಲಿ ವಾಯುಕೋಶಗಳೇ ಕೀವಿನಂತಹ ದ್ರವದಿಂದ ತುಂಬುತ್ತವೆ. ಬ್ಯಾಕ್ಟೀರಿಯಾದಿಂದ ಬಂದ ನ್ಯುಮೋನಿಯಾಕ್ಕೆ ಅದೇ ಆ್ಯಂಟಿಬಯೊಟಿಕ್ ಜೀವದಾನ. ಆಗ ಔಷಧಕ್ಕೆ ಹಿಂಜರಿಯುವುದು ಧರ್ಮವಲ್ಲ. ಏಕೇಂದ್ರಿಯ ಪಂಚೇಂದ್ರಿಯಗಳ ತಾರತಮ್ಯ, ಸಂಕಲ್ಪೀ ವಿರೋಧೀ ಹಿಂಸೆಗಳ ಭೇದ ಇವನ್ನು ಶಾಸ್ತ್ರ ವಿವರಿಸಿದ್ದು ಗೃಹಸ್ಥನು ಇಂಥ ಸಂದರ್ಭಗಳಲ್ಲಿ ತೊಳಲಾಡದಿರಲೆಂದೇ. ವರ್ಷಕ್ಕೆ ಮೂರು ತಿಂಗಳಂತೆ ಎರಡು ವರ್ಷ ಸತತವಾಗಿ ಕಫದ ಕೆಮ್ಮಿದ್ದರೆ ಅದನ್ನು ದೀರ್ಘಕಾಲದ ಬ್ರಾಂಕೈಟಿಸ್ ಎನ್ನುತ್ತಾರೆ. ನಾಳಗಳು ಊದಿ, ವಾಯುಕೋಶಗಳ ಗೋಡೆಗಳು ಹರಿದು, ಹಿಂದಿರುಗದ ಹಾನಿಯಾದರೆ ಅದು ಸಿ.ಓ.ಪಿ.ಡಿ. ಕ್ಷಯರೋಗಾಣುವನ್ನು ರಾಬರ್ಟ್ ಕಾಕ್ 1882ರಲ್ಲಿ ಕಂಡುಹಿಡಿದರು. ಇಂದು ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ ಸಾಕು, ಔಷಧ ಸರ್ಕಾರದಿಂದ ಉಚಿತ. ಆದರೂ ಮದುವೆಗೆ ಬಂದ ಮಗಳ ಕ್ಷಯವನ್ನು ಮುಚ್ಚಿಡುವ ಕುಟುಂಬಗಳು ಎಲ್ಲ ಸಮಾಜಗಳಲ್ಲಿಯೂ ಇವೆ. ಮುಚ್ಚಿಟ್ಟ ಕೆಮ್ಮು ಮನೆಯ ಮಕ್ಕಳಿಗೆ ಹರಡುತ್ತದೆ. ಅಲ್ಲಿ ಸತ್ಯಾಣುವ್ರತವೂ ಅಹಿಂಸಾಣುವ್ರತವೂ ಒಂದೇ ಏಟಿಗೆ ಮುರಿಯುತ್ತವೆ.

ಧರ್ಮವಿಚಾರಕ್ಕೆ ಹೆಚ್ಚು ಕಠಿನವಾದ ಪ್ರಶ್ನೆ ಹುಟ್ಟುವುದು ಉಬ್ಬಸದಲ್ಲಿ. ಜನ ಗೂರಲೆಂದು ಕರೆಯುವ, ವೈದ್ಯರು ಅಸ್ತಮಾ ಎನ್ನುವ ಈ ರೋಗದಲ್ಲಿ ಮೃದ್ವಸ್ಥಿಯಿಲ್ಲದ ಆ ಕಿರುನಾಳಗಳ ಒಳಪೊರೆ ಸದಾ ಉರಿಯೂತದಿಂದ ಕೆಂಪಾಗಿರುತ್ತದೆ. ಧೂಳು, ಹೊಗೆ, ಪರಾಗ, ತಣ್ಣನೆಯ ಗಾಳಿ ಯಾವುದೋ ಒಂದು ತಾಕಿದೊಡನೆ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಪೊರೆ ಊದುತ್ತದೆ, ಲೋಳೆ ತುಂಬುತ್ತದೆ. ಕೊಳವೆಯ ತ್ರಿಜ್ಯ ಅರ್ಧವಾದರೆ ನಯವಾಗಿ ಹರಿಯುವ ಗಾಳಿಗೆ ಎದುರಾಗುವ ತಡೆ ಇಮ್ಮಡಿಯಲ್ಲ, ಹದಿನಾರು ಮಡಿಯಾಗುತ್ತದೆ. ಉಸಿರನ್ನು ಎಳೆದುಕೊಳ್ಳುವುದಕ್ಕಿಂತ ಬಿಡುವುದೇ ಕಷ್ಟವಾಗಿ ಸಿಳ್ಳಿನಂತಹ ಸದ್ದು ಬರುತ್ತದೆ. ಇದು ರಾತ್ರಿಯ ಕೊನೆಯ ಜಾವದಲ್ಲಿ ಉಲ್ಬಣಿಸುವ ರೋಗ. ಆ ಹೊತ್ತಿಗೆ ದೇಹದ ಸ್ವಂತ ರಕ್ಷಕ ದ್ರವ್ಯಗಳು ಕಡಿಮೆಯಿರುತ್ತವೆ, ನಾಳಗಳು ಸಹಜವಾಗಿಯೇ ಕಿರಿದಾಗಿರುತ್ತವೆ.

ರಾತ್ರಿಯ ರೋಗ, ಮತ್ತು ರಾತ್ರಿಭುಕ್ತಿತ್ಯಾಗ. ಎಷ್ಟೋ ಮನೆಗಳಲ್ಲಿ ವ್ರತ ಹಿಡಿದ ಹಿರಿಯ ಶ್ರಾವಿಕೆ ಬೆಳಗಿನ ನಾಲ್ಕು ಗಂಟೆಗೆ ಹಾಸಿಗೆಯಲ್ಲಿ ಎದ್ದು ಕುಳಿತು, ಎರಡೂ ಕೈಗಳನ್ನು ಊರಿ, ಏದುತ್ತಾ, ಸೂರ್ಯೋದಯಕ್ಕೆ ಕಾಯುತ್ತಾಳೆ. ಇನ್‌ಹೇಲರ್ ತಲೆದಿಂಬಿನ ಪಕ್ಕದಲ್ಲಿಯೇ ಇರುತ್ತದೆ. ಮಗ ಬೇಡಿಕೊಳ್ಳುತ್ತಾನೆ, ಆಕೆ ಕೈಸನ್ನೆಯಿಂದ ಬೇಡವೆನ್ನುತ್ತಾಳೆ. ಆಕೆಯ ದೃಢತೆಗೆ ತಲೆಬಾಗಬೇಕು. ಆದರೆ ಆಕೆ ಉಳಿಸಿಕೊಳ್ಳುತ್ತಿರುವುದು ವ್ರತವನ್ನೇ ಎಂಬುದನ್ನು ಪರಿಶೀಲಿಸಬೇಕು.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಆರನೆಯ ಪ್ರತಿಮೆಯ ಶ್ರಾವಕನು ರಾತ್ರಿಯಲ್ಲಿ ಬಿಡಬೇಕಾದ ಆಹಾರಗಳನ್ನು ನಾಲ್ಕಾಗಿ ಹೇಳುತ್ತದೆ: ಅನ್ನ, ಪಾನ, ಖಾದ್ಯ, ಲೇಹ್ಯ. ಅದನ್ನು ಬಿಡುವವನ ಮನಸ್ಸು ಜೀವಗಳ ಮೇಲೆ ಅನುಕಂಪೆಯುಳ್ಳದ್ದಾಗಿರಬೇಕೆಂಬ ಕಾರಣವನ್ನೂ ಜೊತೆಯಲ್ಲಿಯೇ ಹೇಳುತ್ತದೆ. ಕೆಮ್ಮಿಗೆ ನೆಕ್ಕುವ ಲೇಹ್ಯ ಈ ನಾಲ್ಕರೊಳಗೆ ನಿಸ್ಸಂದೇಹವಾಗಿ ಬರುತ್ತದೆ. ಅದರಲ್ಲಿ ಜೇನು ಬೆರೆತಿದ್ದರೆ ರಾತ್ರಿ ಹಗಲೆನ್ನದೆ ತ್ಯಾಜ್ಯ. ನೀರಿನೊಡನೆ ನುಂಗುವ ಮಾತ್ರೆಯೂ ಬರುತ್ತದೆನ್ನಬಹುದು. ಉಸಿರಿನೊಡನೆ ನಾಳಗಳಿಗೆ ಹೋಗುವ ಔಷಧದ ಹಬೆ ಇವುಗಳಲ್ಲಿ ಯಾವುದು?

ಇದಕ್ಕೆ ಶಾಸ್ತ್ರಬಲ್ಲವರು ಒಂದು ಆಕ್ಷೇಪವನ್ನು ತರಬಹುದು. ಬಾಯಿಯಿಂದ ತಿನ್ನುವುದು ಮಾತ್ರವೇ ಆಹಾರವಲ್ಲ. ಕರ್ಮಾಹಾರ, ನೋಕರ್ಮಾಹಾರ, ಕವಲಾಹಾರ, ಲೇಪ್ಯಾಹಾರ, ಓಜಾಹಾರ, ಮಾನಸಾಹಾರವೆಂದು ಆಹಾರ ಆರು ಬಗೆ. ಯಾವ ದಾರಿಯಿಂದ ಪುದ್ಗಲವನ್ನು ಗ್ರಹಿಸಿದರೂ ಗ್ರಹಿಸಿದಂತೆಯೇ. ಆಕ್ಷೇಪ ತೂಕವುಳ್ಳದ್ದು. ಆದರೆ ಅದನ್ನು ಕೊನೆಯವರೆಗೆ ಎಳೆದರೆ ಅದು ತನ್ನನ್ನೇ ಮುರಿದುಕೊಳ್ಳುತ್ತದೆ. ಶರೀರಕ್ಕೆ ಬೇಕಾದ ನೋಕರ್ಮವರ್ಗಣೆಗಳನ್ನು ಜೀವವು ಪ್ರತಿ ಸಮಯದಲ್ಲಿಯೂ ಗ್ರಹಿಸುತ್ತಿರುತ್ತದೆ. ವಿಗ್ರಹಗತಿಯಂತಹ ಕೆಲವೇ ಸಂದರ್ಭಗಳಲ್ಲಿ ಮಾತ್ರ ಅದು ಅನಾಹಾರಕ. ಉಪವಾಸ ಮಾಡುವ ಮುನಿಯೂ ಆ ಅರ್ಥದಲ್ಲಿ ಆಹಾರಕನೇ. ಉಪವಾಸದಲ್ಲಿ ಬಿಡುವುದು ಕವಲಾಹಾರವನ್ನು, ತುತ್ತನ್ನು. ಇಲ್ಲವಾದರೆ ಉಸಿರಾಡುವವರಾರೂ ಉಪವಾಸ ಮಾಡಲಾರರು.

ಹಾಗಾದರೆ ಇನ್‌ಹೇಲರ್ ಸಂಪೂರ್ಣ ನಿರ್ದೋಷವೆಂದು ಹೇಳಿಬಿಡೋಣವೆಂದರೆ ಪ್ರಾಮಾಣಿಕತೆ ಒಪ್ಪದು. ಒತ್ತಿ ಎಳೆದುಕೊಳ್ಳುವ ಇನ್‌ಹೇಲರಿನ ಔಷಧದಲ್ಲಿ ಹೆಚ್ಚಿನ ಪಾಲು ಬಾಯಿ ಗಂಟಲುಗಳಿಗೆ ಅಂಟಿ, ಉಗುಳಿನೊಡನೆ ಹೊಟ್ಟೆಗೆ ಹೋಗುತ್ತದೆ. ಸ್ಪೇಸರ್ ಎಂಬ ಕೊಳವೆಡಬ್ಬಿಯನ್ನು ಜೋಡಿಸಿಕೊಂಡರೆ ಈ ಪಾಲು ಬಹಳ ಕಡಿಮೆಯಾಗುತ್ತದೆ, ಪೂರ್ತಿ ಇಲ್ಲವಾಗುವುದಿಲ್ಲ. ಸ್ಟೆರಾಯ್ಡ್ ಇರುವ ಇನ್‌ಹೇಲರಾದರೆ ಬಾಯಲ್ಲಿ ಬಿಳಿಯ ಬೂಷ್ಟು ಬರದಂತೆ ನೀರಿನಿಂದ ಮುಕ್ಕಳಿಸಿ ಉಗುಳಬೇಕು. ರಾತ್ರಿ ಬಾಯಿಗೆ ನೀರು ಹಾಕುವುದೂ ವ್ರತಿಕರಿಗೆ ಸಂಕೋಚ. ಅಂದರೆ ಅಣುಮಾತ್ರ ಅತಿಚಾರದ ಸಂಭವ ಇದ್ದೇ ಇದೆ. ಪ್ರಶ್ನೆಯಿರುವುದು ಆ ಅಣುಮಾತ್ರವನ್ನು ಯಾವುದರ ಎದುರಿಗೆ ತೂಗಬೇಕೆಂಬುದರಲ್ಲಿ. ಎದುರಿನ ತಟ್ಟೆಯಲ್ಲಿರುವುದು ಪಂಚೇಂದ್ರಿಯ ಮನುಷ್ಯಜೀವದ ಒಂದು ಪ್ರಾಣ, ಆಕೆಯದೇ ಪ್ರಾಣ. ಪರಹಿಂಸೆಯಂತೆ ಸ್ವಹಿಂಸೆಯೂ ಹಿಂಸೆಯೆಂದು ಒಪ್ಪಿದ ಧರ್ಮ ಇದು. ಉಸಿರಿಗಾಗಿ ಒದ್ದಾಡುವವಳ ಮನಸ್ಸಿನಲ್ಲಿ ಆಗ ನಡೆಯುವುದು ಧರ್ಮಧ್ಯಾನವಲ್ಲ, ಹೆಚ್ಚಿನ ಮಟ್ಟಿಗೆ ಆರ್ತಧ್ಯಾನ. ವೇದನೆಯಿಂದ ಹುಟ್ಟುವ ಆರ್ತಧ್ಯಾನವನ್ನು ತತ್ತ್ವಾರ್ಥಸೂತ್ರ ಪ್ರತ್ಯೇಕವಾಗಿಯೇ ಎಣಿಸಿದೆ.

ಶ್ವೇತಾಂಬರ ಪರಂಪರೆಯ ಪ್ರತ್ಯಾಖ್ಯಾನ ಪಾಠಗಳಲ್ಲಿ ಆಗಾರಗಳೆಂಬ ವಿನಾಯಿತಿಗಳಿವೆ. ಅವುಗಳಲ್ಲೊಂದು ತೀವ್ರ ವ್ಯಾಧಿಯಿಂದ ಚಿತ್ತದ ಸಮಾಧಿ ಕೆಡುವಂತಾದಾಗ ಅದನ್ನು ಉಳಿಸಿಕೊಳ್ಳಲು ಔಷಧ ಸೇವಿಸುವುದಕ್ಕೆ ಸಂಬಂಧಿಸಿದ್ದು. ವ್ರತ ತೆಗೆದುಕೊಳ್ಳುವ ಹೊತ್ತಿನಲ್ಲಿಯೇ ಅದನ್ನು ಉಚ್ಚರಿಸುತ್ತಾರೆ. ಹೀಗಾಗಿ ಆಮೇಲೆ ಸೇವಿಸಿದರೆ ವ್ರತಭಂಗವಲ್ಲ. ಕಾಯೋತ್ಸರ್ಗದ ಪಾಠ ಇನ್ನೂ ಕುತೂಹಲಕರ. ದೇಹವನ್ನು ಅಲುಗಿಸೆನೆಂದು ನಿಲ್ಲುವವನು, ಉಸಿರನ್ನೆಳೆಯುವುದು, ಬಿಡುವುದು, ಕೆಮ್ಮು, ಸೀನು, ಆಕಳಿಕೆ ಇವುಗಳನ್ನು ಮೊದಲೇ ಹೊರಗಿಟ್ಟು ನಿಲ್ಲುತ್ತಾನೆ. ಶ್ವಾಸಮಾರ್ಗದ ಸ್ವರಕ್ಷಣೆಯ ಕ್ರಿಯೆಗಳು ಸಂಕಲ್ಪಕ್ಕೆ ಒಳಪಟ್ಟವಲ್ಲ, ಅವನ್ನು ಬಲವಂತದಿಂದ ಹತ್ತಿಕ್ಕುವುದು ತಪಸ್ಸಲ್ಲ ಎಂಬ ವಿವೇಕ ಆ ಪಟ್ಟಿಯಲ್ಲಿ ಅಡಗಿದೆ.

ದಿಗಂಬರ ಪರಂಪರೆಯಲ್ಲಿ ಇದಕ್ಕೆ ಸ್ವಯಂ ಸಮಂತಭದ್ರರ ಕಥೆಯೇ ಸಾಕ್ಷಿ. ದೇವಚಂದ್ರನ ರಾಜಾವಳೀಕಥೆಯಲ್ಲಿ ಆ ಕಥೆ ಬರುತ್ತದೆ. ಶ್ರವಣಬೆಳಗೊಳದ ಹನ್ನೆರಡನೆಯ ಶತಮಾನದ ಮಲ್ಲಿಷೇಣಪ್ರಶಸ್ತಿಯೂ ಅವರ ಭಸ್ಮಕವ್ಯಾಧಿಯನ್ನು ಸೂಚಿಸುತ್ತದೆ. ಎಷ್ಟು ತಿಂದರೂ ಉರಿದುಹೋಗುವ ಹಸಿವಿನ ರೋಗ. ದಿನಕ್ಕೊಮ್ಮೆ ಕೈಯಲ್ಲಿ ಆಹಾರ ಸ್ವೀಕರಿಸುವ ಮುನಿಗೆ ಇದು ಅಸಾಧ್ಯವಾದ ಸಂಕಟ. ಅವರು ಗುರುಗಳಲ್ಲಿ ಸಲ್ಲೇಖನವನ್ನು ಬೇಡಿದರು. ಗುರುಗಳು ಕೊಡಲಿಲ್ಲ. ಈ ರೋಗಕ್ಕೆ ಪರಿಹಾರವುಂಟು, ನಿನ್ನಿಂದ ಧರ್ಮಕ್ಕೆ ಆಗಬೇಕಾದ ಕಾರ್ಯವುಂಟು, ದೀಕ್ಷೆಯನ್ನು ತಾತ್ಕಾಲಿಕವಾಗಿ ಬಿಟ್ಟು ರೋಗವನ್ನು ಗುಣಪಡಿಸಿಕೊಂಡು ಮತ್ತೆ ಬಾ ಎಂಬುದು ಅವರ ಅಪ್ಪಣೆಯ ತಾತ್ಪರ್ಯ. ಶಿಷ್ಯ ಹಾಗೆಯೇ ಮಾಡಿದರು. ಪ್ರತೀಕಾರವಿಲ್ಲದ ರೋಗದಲ್ಲಿ ಮಾತ್ರ ಸಲ್ಲೇಖನವೆಂದು ರತ್ನಕರಂಡಕದಲ್ಲಿ ಬರೆದ ಆಚಾರ್ಯರು ಆ ಮಾತಿನ ಬೆಲೆಯನ್ನು ತಮ್ಮ ದೇಹದಲ್ಲಿಯೇ ಅರಿತವರೆಂದು ಕಥೆ ಹೇಳುತ್ತದೆ. ಉಬ್ಬಸ ಪ್ರತೀಕಾರವಿಲ್ಲದ ರೋಗವಲ್ಲ. ಒತ್ತಿ ಎಳೆದುಕೊಳ್ಳುವ ಇನ್‌ಹೇಲರ್ 1956ರಲ್ಲಿ ಬಳಕೆಗೆ ಬಂದ ಮೇಲೆ ಅದು ನಿಭಾಯಿಸಬಹುದಾದ ರೋಗವಾಗಿದೆ.

ವ್ರತಕ್ಕೂ ಔಷಧಕ್ಕೂ ಹೊಂದಾಣಿಕೆ ಕಷ್ಟವೇನಲ್ಲ. ಉರಿಯೂತವನ್ನು ತಗ್ಗಿಸಿ ರೋಗವನ್ನು ತಡೆಯುವ ಇನ್‌ಹೇಲರುಗಳಲ್ಲಿ ಹಲವನ್ನು ಹನ್ನೆರಡು ಗಂಟೆಗಳ ಅಂತರದಲ್ಲಿ ದಿನಕ್ಕೆರಡು ಬಾರಿ ತೆಗೆದುಕೊಳ್ಳುತ್ತಾರೆ. ಕರ್ನಾಟಕದ ಅಕ್ಷಾಂಶದಲ್ಲಿ ಹಗಲು ಹನ್ನೆರಡು ಗಂಟೆಗಳಿಂದ ಹೆಚ್ಚು ಕಡಿಮೆ ಒಂದು ಗಂಟೆಯೊಳಗೇ ಏರಿಳಿಯುತ್ತದೆ. ಆದ್ದರಿಂದ ಸೂರ್ಯಾಸ್ತಕ್ಕೆ ಮುನ್ನ ಒಮ್ಮೆ, ಸೂರ್ಯೋದಯದ ನಂತರ ಒಮ್ಮೆ ಎಂದಿಟ್ಟುಕೊಂಡರೆ ವೈದ್ಯಕ್ಕೂ ವ್ರತಕ್ಕೂ ಒಟ್ಟಿಗೆ ಸಲ್ಲುತ್ತದೆ. ಮುಕ್ಕಳಿಸುವುದೂ ಹಗಲಿನಲ್ಲಿಯೇ ಮುಗಿಯುತ್ತದೆ. ತಡೆಯುವ ಔಷಧವನ್ನು ತಪ್ಪದೆ ತೆಗೆದುಕೊಂಡವರಿಗೆ ನಾಲ್ಕು ಗಂಟೆಯ ಆ ಸಂಕಟ ಬರುವುದೇ ವಿರಳ. ತಾತ್ಕಾಲಿಕ ಉಪಶಮನದ ಇನ್‌ಹೇಲರ್ ಒಂದನ್ನೇ ನಂಬಿ ದಿನ ನೂಕುವುದು ಅಪಾಯಕರವೆಂದು 2019ರಿಂದೀಚೆಗೆ ಅಂತರರಾಷ್ಟ್ರೀಯ ಮಾರ್ಗಸೂಚಿಗಳೂ ಹೇಳುತ್ತಿವೆ. ಹೀಗಾಗಿ ವೈದ್ಯರಿಗೆ ತನ್ನ ವ್ರತವನ್ನು ಸಂಕೋಚವಿಲ್ಲದೆ ತಿಳಿಸುವುದು, ವ್ರತ ಕೊಡುವ ಗುರುಗಳಿಗೆ ತನ್ನ ರೋಗವನ್ನು ತಿಳಿಸುವುದು, ಎರಡೂ ಶ್ರಾವಕನ ಕರ್ತವ್ಯ. ಬಹುಮಂದಿ ಎರಡನ್ನೂ ಮಾಡುವುದಿಲ್ಲ. ಅಷ್ಟಾಗಿಯೂ ರಾತ್ರಿ ಉಸಿರು ಕಟ್ಟಿದರೆ ಔಷಧವನ್ನು ಎಳೆದುಕೊಂಡು, ಬೆಳಿಗ್ಗೆ ಆಲೋಚನೆ ಪ್ರಾಯಶ್ಚಿತ್ತಗಳಿಂದ ಶುದ್ಧರಾಗಬಹುದು. ಪ್ರಾಯಶ್ಚಿತ್ತವಿರುವುದು ಬದುಕಿ ಉಳಿದವರಿಗೆ. ಮುನಿಗಳ, ಆರ್ಯಿಕೆಯರ ಮಾತು ಬೇರೆ. ಅದನ್ನು ಆಯಾ ಸಂಘದ ಆಚಾರ್ಯರೇ ನಿರ್ಣಯಿಸಬೇಕಾದದ್ದು, ಗೃಹಸ್ಥರ ತರ್ಕ ಅಲ್ಲಿಗೆ ಹೋಗಬಾರದು.

ಔಷಧದ ವಿಷಯದಲ್ಲಿ ಜೈನರು ಎಂದೂ ಉದಾಸೀನರಾಗಿರಲಿಲ್ಲ. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯಾಚಾರ್ಯರು ಕಲ್ಯಾಣಕಾರಕವೆಂಬ ವೈದ್ಯಗ್ರಂಥವನ್ನು ರಚಿಸಿ, ಚಿಕಿತ್ಸೆಗೆ ಮಾಂಸದ ಅಗತ್ಯವಿಲ್ಲವೆಂದು ವಾದಿಸಿದರು. ಜಗದ್ದಳ ಸೋಮನಾಥ ಕನ್ನಡದಲ್ಲಿ ಕರ್ನಾಟಕ ಕಲ್ಯಾಣಕಾರಕವನ್ನು ಬರೆದ. ಕೀರ್ತಿವರ್ಮ ಗೋವೈದ್ಯವನ್ನು, ಮಂಗರಾಜ ವಿಷವೈದ್ಯಕ್ಕೆ ಖಗೇಂದ್ರಮಣಿದರ್ಪಣವನ್ನು ಕೊಟ್ಟರು. ಔಷಧವನ್ನು ಬಿಡುವ ಮಾರ್ಗವನ್ನಲ್ಲ, ಔಷಧವನ್ನೇ ಅಹಿಂಸೆಗೆ ಒಗ್ಗಿಸುವ ಮಾರ್ಗವನ್ನು ಅವರು ಹುಡುಕಿದರು. ಇಂದಿಗೂ ಕೆಮ್ಮಿನ ಕಷಾಯಕ್ಕೆ ಹಸಿಶುಂಠಿಯ ಬದಲು ಒಣಶುಂಠಿ, ಜೇನಿನ ಬದಲು ಬೆಲ್ಲ ಅಥವಾ ಕಲ್ಲುಸಕ್ಕರೆ ಬಳಸುವ ಮನೆಗಳಲ್ಲಿ ಆ ಪರಂಪರೆ ಜೀವಂತವಾಗಿದೆ. ಆಹಾರ, ಔಷಧ, ಶಾಸ್ತ್ರ, ಅಭಯಗಳೆಂಬ ಚತುರ್ವಿಧ ದಾನಗಳಲ್ಲಿ ಔಷಧಕ್ಕೆ ಸ್ಥಾನ ದೊರೆತದ್ದೂ ಸುಮ್ಮನೆ ಅಲ್ಲ.

ಅದೇ ಮನೆಗಳ ಅಡುಗೆಕೋಣೆಯಲ್ಲಿ ನಡೆದ ಒಂದು ಅನ್ಯಾಯವನ್ನು ಮಾತ್ರ ಯಾರೂ ಬರೆದಿಡಲಿಲ್ಲ. ಜೈನಗೃಹಿಣಿ ಸೌದೆಯನ್ನು ಒಲೆಗಿಡುವ ಮುನ್ನ ಒಂದೊಂದಾಗಿ ತಟ್ಟಿ, ಒರಸಿ, ಹುಳವಿದ್ದರೆ ಮೆಲ್ಲನೆ ಹೊರಗೆ ಬಿಟ್ಟು ಬರುತ್ತಿದ್ದಳು. ಶ್ರಾವಕಧರ್ಮದ ಅತ್ಯಂತ ಸುಂದರವಾದ ಆಚರಣೆಗಳಲ್ಲಿ ಇದೊಂದು. ಆಮೇಲೆ ಊದುಗೊಳವೆ ಹಿಡಿದು ಒಲೆಯ ಮುಂದೆ ಕುಳಿತು, ನೀರು ಸುರಿಯುವ ಕಣ್ಣುಗಳಿಂದ ಮಳೆಗಾಲದ ಹಸಿ ಸೌದೆಯನ್ನು ಊದುತ್ತಿದ್ದಳು. ಹುಳ ಉಳಿಯಿತು. ಆಕೆಯ ವಾಯುಕೋಶಗಳ ಗೋಡೆಗಳು ವರ್ಷವರ್ಷಕ್ಕೂ ಹರಿಯುತ್ತ ಹೋದವು. ಒಂದು ಬೀಡಿಯನ್ನೂ ಮುಟ್ಟದ ಹೆಂಗಸರಿಗೆ ಸಿ.ಓ.ಪಿ.ಡಿ. ಬರಲು ಈ ಅಡುಗೆಹೊಗೆ ದೊಡ್ಡ ಕಾರಣವೆಂದು ವೈದ್ಯರು ಇಂದು ಬಲ್ಲರು. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಬಡಮನೆಗಳಿಗೂ ಗ್ಯಾಸ್ ಒಲೆ ಹೋಗಿದೆ, ಸ್ಥಿತಿವಂತರ ಮನೆಗಳಿಗೆ ಅದು ಮೊದಲೇ ಬಂದಿತ್ತು. ಆದರೂ ಬಚ್ಚಲೊಲೆ ಹಲವೆಡೆ ಸೌದೆಯದೇ, ಮತ್ತು ಅದರ ಮುಂದೆ ಕೂರುವವಳು ಇಂದು ಕೂಲಿಯಾಳು. ಶ್ರಾವಕನು ಹೊಗೆಯಿಂದ ಪಾರಾಗಿ ಹೊಗೆಯನ್ನು ಸೇವಕಿಗೆ ವರ್ಗಾಯಿಸಿದರೆ ಕೃತ ಹೋಗಿ ಕಾರಿತ ಉಳಿಯಿತು. ಕೃತ, ಕಾರಿತ, ಅನುಮೋದನೆ ಮೂರಕ್ಕೂ ಆಸ್ರವವುಂಟು.

ತಂಬಾಕಿನ ವ್ಯಾಪಾರದ ಬಗೆಗೂ ಇದೇ ಮಾತು, ಕಹಿಯಾದರೂ. ಸಪ್ತವ್ಯಸನಗಳಲ್ಲಿ ಹೊಗೆಸೊಪ್ಪಿನ ಹೆಸರಿಲ್ಲವೆಂದು ವಾದಿಸುವವರಿದ್ದಾರೆ. ಅಮೆರಿಕ ಖಂಡದ ಆ ಗಿಡ ಪೋರ್ಚುಗೀಸರ ಹಿಂದೆ ಈ ದೇಶಕ್ಕೆ ಬಂದದ್ದು. ಪ್ರಾಚೀನ ಆಚಾರ್ಯರು ಕಾಣದ ವಸ್ತುವನ್ನು ಹೆಸರಿಸಲಿಲ್ಲವೆಂಬುದು ಅನುಮತಿಯಾಗದು. ನಿಪ್ಪಾಣಿಯ ಸುತ್ತ ಅದು ಹಳೆಯ ಬೆಳೆ. ಆ ಸೀಮೆಯಲ್ಲಿ ಜೈನ ಕೃಷಿಕರ ಸಂಖ್ಯೆ ಸಣ್ಣದಲ್ಲ. ಅಲ್ಲಿಯ ರೈತನಿಗೆ ಬೇರೆ ಬೆಳೆಯ ಆದಾಯ ತೋರಿಸದೆ ಉಪದೇಶ ಮಾಡುವುದು ಸುಲಭ, ನಿರರ್ಥಕ. ಆದರೆ ಸೊಪ್ಪಿನ ಧೂಳಿನಲ್ಲಿ ದಿನವಿಡೀ ಕುಳಿತು ದುಡಿಯುವ ಹೆಂಗಸರ ಉಸಿರಿನ ಲೆಕ್ಕವನ್ನು ಮಾಲೀಕನಾದವನು ಇಟ್ಟುಕೊಳ್ಳಲೇಬೇಕು. ಉದ್ಯೋಗೀ ಹಿಂಸೆಗೆ ಗೃಹಸ್ಥನಿಗಿರುವ ವಿನಾಯಿತಿ ಅನಿವಾರ್ಯವಾದಷ್ಟಕ್ಕೆ. ಕಿಟಕಿ, ಗಾಳಿಬೀಸಣಿಗೆ, ಮುಖವಸ್ತ್ರಗಳಿಂದ ತಪ್ಪಿಸಬಹುದಾದದ್ದು ಅನಿವಾರ್ಯವಲ್ಲ.

ಮುಖವಸ್ತ್ರವೆಂದೊಡನೆ ಒಂದು ಮಾತು. 2020ರ ಕೊರೋನಾ ಸಾಂಕ್ರಾಮಿಕದಲ್ಲಿ ಲೋಕವೆಲ್ಲ ಮಾಸ್ಕ್ ಧರಿಸಿದಾಗ, ಸ್ಥಾನಕವಾಸಿ ಮತ್ತು ತೇರಾಪಂಥಿ ಸಾಧುಗಳ ಮುಹಪತ್ತಿಯನ್ನು ತೋರಿಸಿ, ಜೈನರಿಗೆ ವೈರಾಣುಗಳ ವಿಷಯ ಮೊದಲೇ ತಿಳಿದಿತ್ತೆಂದು ಹೆಮ್ಮೆಪಟ್ಟವರುಂಟು. ಈ ಹೆಮ್ಮೆ ಮುಹಪತ್ತಿಯನ್ನು ಚಿಕ್ಕದು ಮಾಡುತ್ತದೆ. ಮುಹಪತ್ತಿ ತನ್ನ ರಕ್ಷಣೆಗಾಗಿ ಕಟ್ಟಿಕೊಂಡದ್ದಲ್ಲ. ತನ್ನ ಬಿಸಿಯುಸಿರು, ಮಾತು ವಾಯುಕಾಯ ಜೀವಗಳಿಗೆ ತಾಕದಿರಲೆಂದು ಕಟ್ಟಿಕೊಂಡದ್ದು. ಮಾಸ್ಕ್ ಧರಿಸಿದವರಲ್ಲಿ ಬಹುಮಂದಿ ಬೇರೆಯವರಿಂದ ತನಗೇನು ಬಂದೀತೆಂಬ ಭಯದಿಂದ ಧರಿಸಿದರು. ತನ್ನಿಂದ ಬೇರೆಯವರಿಗೇನು ಹೋದೀತೆಂದು ಧರಿಸಿದವರು ಮುಹಪತ್ತಿಯ ಹತ್ತಿರಕ್ಕೆ ಬಂದರು. ಮುಹಪತ್ತಿಯಿಲ್ಲದ ದಿಗಂಬರ ಶ್ರಾವಕನೂ ಕೆಮ್ಮುವಾಗ ಮೊಣಕೈಯನ್ನು ಅಡ್ಡ ಹಿಡಿದರೆ ಭಾಷಾಸಮಿತಿಯ ಪಕ್ಕದಲ್ಲಿಡಬಹುದಾದ ಆಚರಣೆಯೇ ಅದು.

ಕೊನೆಗೆ ಬಸದಿಗಳ ಆಡಳಿತ ಮಂಡಳಿಗಳು ಆಲೋಚಿಸಬೇಕಾದ ವಿಷಯ. ಅಷ್ಟವಿಧಾರ್ಚನೆಯಲ್ಲಿ ಧೂಪ ಏಳನೆಯದು. ಅಷ್ಟಕರ್ಮಗಳು ದಹಿಸಲೆಂಬ ಭಾವದಿಂದ ಅರ್ಪಿಸುವ ದ್ರವ್ಯ. ಕರ್ನಾಟಕದ ಹಳೆಯ ಬಸದಿಗಳ ಗರ್ಭಗೃಹ, ಸುಕನಾಸಿಗಳಿಗೆ ಬಾಗಿಲೊಂದೇ ದಾರಿ. ನವರಂಗಕ್ಕೆ ಬೆಳಕೇ ಕಷ್ಟದಿಂದ ಬರುತ್ತದೆ. ವಿಧಾನ, ಆರಾಧನೆಗಳ ದಿನಗಳಲ್ಲಿ ಅಲ್ಲಿ ಧೂಪ, ಊದುಬತ್ತಿ, ಕರ್ಪೂರ, ಹೋಮಗಳ ಹೊಗೆ ಗಂಟೆಗಟ್ಟಲೆ ತುಂಬಿರುತ್ತದೆ. ಭಕ್ತಿಯ ಹೊಗೆಯೆಂದು ಶ್ವಾಸನಾಳ ಭೇದವೆಣಿಸುವುದಿಲ್ಲ; ಯಾವ ವಸ್ತು ಉರಿದರೂ ಏಳುವ ಅತಿ ಸೂಕ್ಷ್ಮ ಕಣಗಳು ಮೂಗಿನ ಸೋಸುವಿಕೆಯನ್ನು ದಾಟಿ ವಾಯುಕೋಶದವರೆಗೆ ಇಳಿಯುತ್ತವೆ. ಇದರ ಹೆಚ್ಚಿನ ಪಾಲನ್ನು ಉಣ್ಣುವವರು ಅರ್ಚಕರಾದ ಇಂದ್ರರು. ಯಜಮಾನರು ವರ್ಷಕ್ಕೊಮ್ಮೆ ಬಂದು ಹೋಗುತ್ತಾರೆ. ಇಂದ್ರರು ದಿನವೂ ಮೂರು ಹೊತ್ತು ಅಲ್ಲಿಯೇ ಇರುತ್ತಾರೆ. ಅವರ ಕೆಮ್ಮನ್ನು ವಯಸ್ಸಿನ ಕೆಮ್ಮೆಂದು ಸಮಾಜ ತಿಳಿದುಕೊಂಡಿದೆ.

ದ್ರವ್ಯವನ್ನು ಬದಲಿಸಿದರೆ ಪೂಜೆ ಕೆಡುವುದೆಂಬ ಅಂಜಿಕೆಗೆ ಉತ್ತರ ಪರಂಪರೆಯೊಳಗೇ ಇದೆ. ಉತ್ತರ ಭಾರತದ ದಿಗಂಬರ ತೇರಾಪಂಥದವರು ಸಚಿತ್ತವಾದ ಹೂವನ್ನು ಬಿಟ್ಟು ಕೇಸರಿ ಹಚ್ಚಿದ ಅಕ್ಕಿಯನ್ನು ಪುಷ್ಪವೆಂಬ ಭಾವದಿಂದ ಅರ್ಪಿಸುತ್ತ ಬಂದಿದ್ದಾರೆ. ದಕ್ಷಿಣದವರು ಅದನ್ನು ಅನುಸರಿಸಬೇಕಾಗಿಲ್ಲ, ಅವರ ಕ್ರಮ ಅವರಿಗೆ. ಆದರೆ ಜೀವದಯೆಯ ಕಾರಣದಿಂದ ದ್ರವ್ಯ ಬದಲಾದಾಗ ಭಾವಪೂಜೆ ಕುಂದಲಿಲ್ಲವೆಂಬುದಕ್ಕೆ ಅದು ನಿದರ್ಶನ. ಇಲ್ಲಿ ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ಮಂತ್ರದೊಡನೆ ಒಂದು ಚಿಟಿ ಧೂಪ ಸಾಕು; ಹಿಡಿಹಿಡಿ ಸುರಿಯುವುದು ಭಕ್ತಿಯ ಅಳತೆಯಲ್ಲ. ಧೂಪಘಟವನ್ನು ಗರ್ಭಗೃಹದಿಂದ ಹೊರಾಂಗಣಕ್ಕೆ ತರಬಹುದು, ಹೋಮಕುಂಡವನ್ನು ಬಯಲಿನಲ್ಲಿ ಏರ್ಪಡಿಸಬಹುದು. ಮಹಾವೀರಸ್ವಾಮಿಯ ನಿರ್ವಾಣದ ದಿನ ಬಸದಿಯ ಮುಂದೆ ಪಟಾಕಿ ಹಚ್ಚುವುದಕ್ಕಂತೂ ಯಾವ ಆಗಮದ ಆಧಾರವೂ ಬೇಕಿಲ್ಲ, ನಿಲ್ಲಿಸಲು ಒಂದು ಸಭೆಯ ನಿರ್ಣಯ ಸಾಕು.

ಆರಾಧನೆಯ ದಿನಗಳಲ್ಲಿ ನವರಂಗದ ಹೊರಗೆ, ಜಗಲಿಯ ಕಂಬಕ್ಕೆ ಒರಗಿ ಕೂರುವ ಕೆಲವರು ಎಲ್ಲ ಊರುಗಳಲ್ಲಿಯೂ ಇರುತ್ತಾರೆ. ಒಳಗೆ ಬನ್ನಿರೆಂದರೆ ಇಲ್ಲಿಯೇ ಇರಲಿ ಎನ್ನುತ್ತಾರೆ. ನವಕಾರವನ್ನು ಒಂಬತ್ತು ಬಾರಿ ಇಪ್ಪತ್ತೇಳು ಉಚ್ಛ್ವಾಸಗಳಲ್ಲಿ ಜಪಿಸುವ ಕಾಯೋತ್ಸರ್ಗವನ್ನು ಅವರು ಬಾಯಿಯಿಂದ ಹೇಳಲಾರದೆ ಮನಸ್ಸಿನಲ್ಲಿಯೇ ಎಣಿಸುತ್ತಾರೆ, ಉಸಿರು ಸಾಲದು. ಧೂಪಘಟ ಹೊರಗೆ ಬಂದ ದಿನ ಅವರು ಒಳಗೆ ಹೋಗಿ ಜಿನಬಿಂಬದ ಎದುರಿಗೆ ಕೂರಬಲ್ಲರು.